ಅವ್ವನ ಮುಳ್ಳಿಲ್ಲದ ಗಿಡ

ಅವ್ವನ ಕೈ ನೋಡುವುದು ನನ್ನ ಕೆಲಸವಾಗಿತ್ತು. ಸಂಜೆ ಅಪ್ಪ ಬರುವ ಮುಂಚೆ, ಕಿಟಕಿಯಲ್ಲಿ ಇನ್ನೂ ಬೆಳಕಿರುವಾಗ, ಅವಳು ಕೈ ತೊಳೆದು ಬಂದು ನನ್ನೆದುರು ಕೂತು ಎರಡೂ ಕೈಗಳನ್ನು ನನ್ನ ತೊಡೆಯ ಮೇಲಿಡುತ್ತಿದ್ದಳು. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ನಾನು ಒಂದೊಂದೇ ಬೆರಳು ಹಿಡಿದು, ಮಗುಚಿ, ಉಗುರಿನ ಸಂದು ಬೆರಳಿನ ಸಂದು ಎಲ್ಲ ನೋಡಬೇಕು. ಗೀರಿದೆಯಾ, ಬೊಬ್ಬೆ ಎದ್ದಿದೆಯಾ, ಎಲ್ಲಾದರೂ ಸುಟ್ಟಿದೆಯಾ. ಇದ್ದರೆ ಬಿಸಿನೀರಲ್ಲಿ ತೊಳೆದು ಬಟ್ಟೆ ಕಟ್ಟಬೇಕು. ಇಲ್ಲದಿದ್ದರೆ "ಏನೂ ಇಲ್ಲ ಕಣವ್ವ" ಅನ್ನಬೇಕು. ನಾನು ಹಾಗಂದ ಮೇಲೇ ಅವಳು ಎದ್ದು ಅಕ್ಕಿ ತೊಳೆಯಲು ಹೋಗುತ್ತಿದ್ದಳು.

ಯಾಕೆಂದರೆ ಅವಳ ಬೆರಳುಗಳಿಗೆ ನೋವು ತಿಳಿಯುತ್ತಿರಲಿಲ್ಲ.

ಇದು ನಮಗೆ ಗೊತ್ತಾದದ್ದು ಒಂದು ಬೇಲಿಯ ಹತ್ತಿರ. ನಾವು ಗುಂಡ್ಲುಪೇಟೆ ಕಡೆಯವರು. ಊಟಿಯ ಒಂದು ಬಂಗಲೆಯಲ್ಲಿ ಅಪ್ಪ ಮಾಲಿ. ಬಂಗಲೆಯ ಕೆಳಗಿನ ಇಳಿಜಾರಿನಲ್ಲಿ ನಮಗೆ ಎರಡು ಕೋಣೆಯ ಮನೆ, ಮನೆಯ ಹಿಂದೆ ನಾಲ್ಕು ಸಾಲು ಕೋಸು, ಬೆಳ್ಳುಳ್ಳಿ. ಅವ್ವ ಒಣಸೀಮೆಯಿಂದ ಮದುವೆಯಾಗಿ ಬೆಟ್ಟ ಹತ್ತಿ ಬಂದವಳು. ಇಲ್ಲಿಯ ಚಳಿಗೆ ಬೈದಳು, ಮಂಜಿಗೆ ಬೈದಳು, ಒಣಗದ ಸೀರೆಗೆ ಬೈದಳು, ಆದರೆ ಬೇಲಿಯಲ್ಲಿ ತಾನೇ ಬೆಳೆಯುವ ಅರಿಶಿನ ಬಣ್ಣದ ಮುಳ್ಳುಹಣ್ಣಿಗೆ ಮಾತ್ರ ಮರುಳಾದಳು. ಹಣ್ಣಿನ ಕಾಲ ಬಂತೆಂದರೆ ಮನೆಯಲ್ಲಿ ಕಾಲು ನಿಲ್ಲುತ್ತಿರಲಿಲ್ಲ. ನಾನು ಹನ್ನೊಂದರವಳಿದ್ದಾಗ ಒಂದು ದಿನ ಮಡಿಲ ತುಂಬ ಹಣ್ಣು ತುಂಬಿಕೊಂಡು ನಗುತ್ತಾ ಬಂದಳು. ನೋಡಿದರೆ ಬಲಗೈ ತುಂಬ ಮುಳ್ಳು. ಉಂಗುರದ ಬೆರಳಿನ ಉಗುರಿನಡಿಯಲ್ಲಿ ಒಂದು ಉದ್ದನೆಯದು ಮುರಿದು ನಿಂತಿತ್ತು.

"ಅವ್ವ, ಉರಿಯಲ್ವಾ?" ಅಂದೆ.

"ಏನು ಉರಿಯೋದು?" ಅಂದಳು.

ಆ ಸಂಜೆ ಅಪ್ಪ ಅವಳನ್ನು ಮಾತಿಗೆಳೆದು, ಅವಳು ಆಚೆ ನೋಡುತ್ತಿದ್ದಾಗ ಸೂಜಿಯಿಂದ ಬೆರಳಿಗೆ ಚುಚ್ಚಿದ. ಅವಳು ಹಾಲಿನವನ ಸುದ್ದಿ ಹೇಳುತ್ತಾ ಹೇಳುತ್ತಲೇ ಇದ್ದಳು. ಅಪ್ಪನ ಮುಖ ಬಿಳಿಚಿಕೊಂಡಿತು.

ಆಸ್ಪತ್ರೆಯ ಡಾಕ್ಟರು ವಯಸ್ಸಾದವರು, ತಮಿಳರು, ಒಳ್ಳೆಯ ಮನುಷ್ಯ. ಬಾಗಿಲು ಮುಚ್ಚಿ, ಮೆಲ್ಲಗೆ ಹೇಳಿದರಂತೆ. ಜನ ಅದನ್ನು ದೊಡ್ಡರೋಗ ಅನ್ನುತ್ತಿದ್ದರು. ನಮ್ಮ ಮನೆಯಲ್ಲಿ ಆ ಮಾತನ್ನು ಯಾರೂ ಆಡಲಿಲ್ಲ. ವಾರಕ್ಕೊಮ್ಮೆ ಗರುಡಫಲದ ಎಣ್ಣೆಯ ಸೂಜಿ ಹಾಕುತ್ತೇನೆ, ಗುಣವಾಗುತ್ತದೆ ಅಂತ ಸುಳ್ಳು ಹೇಳುವುದಿಲ್ಲ, ಆದರೆ ಕೈಗೆ ಗಾಯವಾಗದ ಹಾಗೆ ನೋಡಿಕೊಂಡರೆ ಎಷ್ಟೋ ವರ್ಷ ಮನೆಯಲ್ಲೇ ಇರಬಹುದು, ಅಂದರಂತೆ. ಗಾಯವಾಗಿ ಕೀವು ಹರಿಯಲು ಶುರುವಾಯಿತೋ, ಆಮೇಲೆ ಮುಚ್ಚಿಡಲಾಗುವುದಿಲ್ಲ. ಬಯಲುಸೀಮೆಯಲ್ಲಿ ಆ ರೋಗದವರಿಗೆಂದೇ ಇರುವ ಆಸ್ಪತ್ರೆಗೆ ಕಳಿಸಬೇಕು. ಅಲ್ಲಿಗೆ ಹೋದವರು ವಾಪಸು ಬರುವುದು ಕಡಿಮೆ.

ಅವತ್ತಿನಿಂದ ನಮ್ಮ ಮನೆಗೆ ಇದ್ದದ್ದು ಒಂದೇ ವ್ರತ. ಅವ್ವನ ಕೈಗೆ ಗಾಯವಾಗಬಾರದು. ಅಪ್ಪ ಕುಡುಗೋಲು, ಈಳಿಗೆಮಣೆ ಎಲ್ಲ ಅಟ್ಟಕ್ಕೇರಿಸಿದ. ಪಾತ್ರೆಯ ಕಿವಿಗಳಿಗೆ ಬಟ್ಟೆ ಸುತ್ತಿದ. ಬಾಗಿಲ ಬಳಿ ಅವ್ವ ನೆಟ್ಟಿದ್ದ ಗುಲಾಬಿಯನ್ನು ಬುಡಸಮೇತ ಕಿತ್ತೆಸೆದ. ಬೇಲಿಯ ಕಡೆ ಹೋಗಕೂಡದು ಅಂತ ಆಣೆ ಹಾಕಿಸಿಕೊಂಡ.

"ಬೆಂಕಿ ಮುಟ್ಟಬೇಡ, ಮುಳ್ಳು ಮುಟ್ಟಬೇಡ, ಕತ್ತಿ ಮುಟ್ಟಬೇಡ!" ಅಂತ ಅವ್ವ ರೇಗುತ್ತಿದ್ದಳು. "ಈ ಕೈ ಇರೋದು ಏನಕ್ಕೆ ಮತ್ತೆ? ಗೂಟಕ್ಕೆ ನೇತು ಹಾಕೋಕಾ?"

ರೇಗಿದರೆ ಪರವಾಗಿರಲಿಲ್ಲ. ಆಮೇಲಾಮೇಲೆ ರೇಗುವುದನ್ನೂ ಬಿಟ್ಟಳು. ಹಣ್ಣಿನ ಕಾಲ ಬಂದಾಗ ಹಿತ್ತಲ ಕಲ್ಲಿನ ಮೇಲೆ ಕೂತು ಬೇಲಿಯನ್ನೇ ನೋಡುತ್ತಿದ್ದಳು. ನಾನು ಕಿತ್ತು ತಂದು ಕೊಟ್ಟರೆ ತಿನ್ನುತ್ತಿರಲಿಲ್ಲ. "ನೀನೇ ತಿನ್ನು" ಅನ್ನುತ್ತಿದ್ದಳು.

ಅಂಥ ಹೊತ್ತಿನಲ್ಲಿ ಅಪ್ಪ ಆ ಗಿಡ ತಂದ. ಬಂಗಲೆಯ ದೊರೆಸಾನಿಗೆ ಸೀಮೆಯಿಂದ ಹಡಗಿನಲ್ಲಿ ಬಂದದ್ದು. ಎರಡು ಜಾತಿಯ ಬೆರ್ರಿ ಕೂಡಿಸಿ ಮಾಡಿದ ಹೊಸ ತಳಿಯಂತೆ, ಅದರಲ್ಲೂ ಇದು ಮುಳ್ಳೇ ಇಲ್ಲದ್ದಂತೆ. ಅಪ್ಪ ಅವಳ ಹತ್ತಿರ ಏನೆಂದು ಕೇಳಿಕೊಂಡನೋ, ಯಾರ ಹತ್ತಿರವೂ ಕೈ ಚಾಚದ ಮನುಷ್ಯ. ಒಂದು ಗೇಣು ಸಸಿಯನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಮಗುವಿನ ಹಾಗೆ ಎದೆಗವಚಿಕೊಂಡು ಬಂದ. ಅವ್ವ ನಂಬಲಿಲ್ಲ. ಬೆರಳಿಗೆ ತಿಳಿಯದ ಕಾರಣ, ಬಗ್ಗಿ ಆ ಕಡ್ಡಿಯನ್ನು ಕೆನ್ನೆಗೆ ಸವರಿಕೊಂಡಳು. ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ.

"ಬೆಣ್ಣೆ ಕಣೇ!" ಅಂದಳು ನನಗೆ. "ಗೇಣುದ್ದ ಬೆಣ್ಣೆ!"

ಗಿಡದ ಕಟ್ಟುಪಾಡುಗಳನ್ನು ಅಪ್ಪ ನನಗೆ ಒಪ್ಪಿಸಿದ. ತಂತಿ ಎಳೆದು ಕಡ್ಡಿಗಳನ್ನು ಅದಕ್ಕೆ ಕಟ್ಟಬೇಕು. ಹಣ್ಣು ಬಿಟ್ಟ ಕಡ್ಡಿಯನ್ನು ಕತ್ತರಿಸಬೇಕು. ಹೊಸ ಗಿಡ ಬೇಕೆಂದರೆ ಕಡ್ಡಿಯ ತುದಿಯನ್ನು ಬಗ್ಗಿಸಿ ಮಣ್ಣಲ್ಲಿ ಹೂಳಬೇಕು, ಅದು ಬೇರು ಬಿಡುತ್ತದೆ. ಬುಡವನ್ನು ಮಾತ್ರ ಅಗೆಯಕೂಡದು, ಗುದ್ದಲಿ ತಾಗಿಸಕೂಡದು. ಮೂರು ಸಲ ಹೇಳಿದ. ಯಾಕೆ ಅಂತ ಹೇಳಲಿಲ್ಲ. ದೊರೆಸಾನಿ ಅವನಿಗೂ ಹೇಳಿರಲಿಲ್ಲವೋ ಏನೋ. ಎಷ್ಟೋ ವರ್ಷದ ಮೇಲೆ ಬೇರೊಬ್ಬ ಮಾಲಿಯಿಂದ ನನಗೆ ಗೊತ್ತಾಯಿತು. ಆ ಗಿಡಕ್ಕೆ ಮೈಯಲ್ಲಿ ಮಾತ್ರ ಮುಳ್ಳಿಲ್ಲ, ಬೇರಿನಲ್ಲಿ ಮುಳ್ಳಿನ ಗುಣ ಹಾಗೇ ಉಳಿದಿರುತ್ತದೆ. ಬೇರು ಕಡಿದರೆ, ಕಡಿದ ಕಡೆಯಿಂದ ಬರುವ ಚಿಗುರಿಗೆಲ್ಲ ಮುಳ್ಳು.

ಎರಡನೆಯ ವರ್ಷ ನಾಲ್ಕು ಬೊಗಸೆ ಹಣ್ಣು ಬಿಟ್ಟಿತು. ಹೆಬ್ಬೆರಳಿನಷ್ಟು ಉದ್ದ, ಕಡುಗೆಂಪು. ಅವ್ವ ಕಣ್ಣು ಮುಚ್ಚಿಕೊಂಡು ಎಲೆಗಳೊಳಗೆ ಮೊಣಕೈವರೆಗೂ ಕೈ ಹಾಕಿ ಹುಡುಕುತ್ತಿದ್ದಳು. ಕಣ್ಣು ಬಿಟ್ಟು ಕೀಳು ಅಂದರೆ, "ನೋಡಿ ನೋಡಿ ಸಾಕಾಗಿದೆ ಕಣೇ, ಎಲ್ಲದಕ್ಕೂ ಕಣ್ಣೇ ಬೇಕು ನನಗೆ. ಇದೊಂದಕ್ಕಾದರೂ ಬೇಡ" ಅನ್ನುತ್ತಿದ್ದಳು. ಹಣ್ಣು ಹುಳಿ. ಬೆಲ್ಲದ ಜೊತೆ ತಿಂದು, ಅಪ್ಪನಿಗೂ ತಿನ್ನಿಸಿ, ಮೂವರೂ ಮುಖ ಹಿಂಡಿಕೊಂಡು ನಕ್ಕೆವು. ಆ ಮನೆಯಲ್ಲಿ ನಾವು ಅಷ್ಟು ನಕ್ಕದ್ದು ನನಗೆ ಬೇರೆ ನೆನಪಿಲ್ಲ.

ಇನ್ನು ನನ್ನ ಘನಕಾರ್ಯ.

ನಮ್ಮ ಹಿತ್ತಿಲಿಗೆ ಅಂಟಿಕೊಂಡು ಈ ಬೆಟ್ಟದ ಹಳಬರಾದ ಬಡಗರ ಒಂದು ಮನೆಯವರ ಆಲೂಗಡ್ಡೆ ಹೊಲ. ಆ ಮನೆಯ ಅಜ್ಜಿ ಕಟ್ಟಬೆಟ್ಟು ಅನ್ನುವ ಹಳ್ಳಿಯಿಂದ ಮದುವೆಯಾಗಿ ಬಂದವಳು. ಅವಳ ಮಾತು ಅರ್ಧ ನಮ್ಮ ಕನ್ನಡದ ಹಾಗೆ, ಇನ್ನರ್ಧ ನಮಗಿಂತ ಹಳೆಯ ಯಾವುದೋ ಕನ್ನಡದ ಹಾಗೆ. ನಾನು ಮಣ್ಣಿನ ಕೆಲಸ ಕಲಿತದ್ದು ಅವಳ ಹಿಂದೆ ಓಡಾಡಿ, ಅಪ್ಪನಿಂದಲ್ಲ. ಬೆಟ್ಟದ ಬೇಸಾಯವೆಂದರೆ ಬುಡದ ಬೇಸಾಯ. ಆಲೂಗಡ್ಡೆಯಾಗಲಿ, ಕೋಸಾಗಲಿ, ಬುಡ ಬಿಡಿಸಬೇಕು, ಬೂದಿ ಗೊಬ್ಬರ ಹಾಕಬೇಕು, ಮಣ್ಣೇರಿಸಬೇಕು. ಬುಡ ಬಿಡಿಸದೆ ಬಿಟ್ಟ ಗಿಡ ಕಂಡರೆ ಅಜ್ಜಿ, "ಯಾರೂ ಇಲ್ಲದ ಮನೆಯ ಗಿಡ" ಅಂತ ನಾಲಗೆ ಲೊಚಗುಟ್ಟುತ್ತಿದ್ದಳು. ನಮ್ಮ ಬೆರ್ರಿಯ ಬುಡ ನೋಡಿಯೂ ಹಾಗೇ ಅಂದಳು. ನನಗೆ ನಾಚಿಕೆಯಾಯಿತು. ಬಂಗಲೆಯಲ್ಲಿ ಕೆಲಸ ಮಾಡಿ ಮಾಡಿ ಅಪ್ಪನಿಗೆ ಬಿಳಿಯರ ಹುಚ್ಚು ಹಿಡಿದಿದೆ ಅಂದುಕೊಂಡೆ.

ನನಗಾಗ ಹದಿನಾಲ್ಕು. ದೊರೆಸಾನಿಯ ಕಡೆಯವರು ಹೊಳೆಯಲ್ಲಿ ಮೀನು ಹಿಡಿಯಲು ಅವಲಾಂಚ್ ಅನ್ನುವ ಕಣಿವೆಯ ಕಡೆ ಗುಡಾರ ಹಾಕಿದರು, ಅಪ್ಪನನ್ನೂ ಕರೆದುಕೊಂಡು ಹೋದರು. ಒಂದೂವರೆ ತಿಂಗಳು. ಅಪ್ಪ ಬರುವ ಹೊತ್ತಿಗೆ ಹಿತ್ತಿಲ ತುಂಬ ಅವ್ವನಿಗೆ ಅದೇ ಗಿಡದ ಬೇಲಿ ಎದ್ದಿರಬೇಕು ಅಂತ ನನ್ನ ಆಸೆ. ಅವ್ವ ಆಸ್ಪತ್ರೆಗೆ ಹೋಗಿದ್ದ ಒಂದು ಮಧ್ಯಾಹ್ನ ಗುದ್ದಲಿ ತಗೊಂಡು ಬುಡದ ಸುತ್ತ ಮೊಣಕಾಲಾಳ ಬಿಡಿಸಿದೆ. ಗುದ್ದಲಿಯಡಿಯಲ್ಲಿ ಏನೋ ಲಟಕ್ ಲಟಕ್ ಅಂತ ಕಡಿಯುತ್ತಿತ್ತು. ಬೂದಿ, ಸಗಣಿ ಗೊಬ್ಬರ ಹಾಕಿ ಆಲೂಗಡ್ಡೆಯ ಸಾಲಿನ ಹಾಗೆ ಮಣ್ಣೇರಿಸಿದೆ. ಅಜ್ಜಿ ಹೊಲದಿಂದಲೇ ನೋಡಿ ತಲೆಯಾಡಿಸಿದಳು. ಅವಳದೇನೂ ತಪ್ಪಿಲ್ಲ. ನನಗೆ ಬೇಡ ಅಂತ ಹೇಳಿದವನು ಇದ್ದ, ಕೇಳದವಳು ನಾನು.

ಮೊದಲ ಮಳೆ ಬಿದ್ದದ್ದೇ ಸುತ್ತ ಹನ್ನೆರಡು ಚಿಗುರು ಎದ್ದವು. ಕೆಂಪು ಕೆಂಪಗೆ, ದಪ್ಪಗೆ. ಅವ್ವ ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು.

"ಅಬ್ಬಾ, ನನ್ನ ಮಗಳ ಕೈಗುಣ!" ಅಂದಳು.

ಚಿಗುರಿನ ಮೈಮೇಲೆ ನವಿರಾಗಿ ಏನೋ ಇತ್ತು. ಮುಟ್ಟಿದರೆ ಕಚಗುಳಿ. ಕೂಸಿನ ಹುಟ್ಟುಗೂದಲಿನ ಹಾಗೆ ಬಲಿತ ಮೇಲೆ ಉದುರಿಹೋಗುತ್ತದೆ ಅಂದುಕೊಂಡೆ. ಉದುರಲಿಲ್ಲ. ವಾರ ಕಳೆದಂತೆ ಗಟ್ಟಿಯಾಯಿತು. ಒಂದು ಬೆಳಿಗ್ಗೆ ಹಿಡಿದರೆ ಚುರ್ರೆಂದಿತು. ಅಪ್ಪ ಬರಲು ನಾಲ್ಕು ದಿನ ಉಳಿದಿತ್ತು. ಅವ್ವ ಸೂಜಿ ಹಾಕಿಸಿಕೊಳ್ಳಲು ಆಸ್ಪತ್ರೆಗೆ ಹೋದ ಹೊತ್ತು ನೋಡಿ, ಕೈಗೆ ಸೆರಗು ಸುತ್ತಿಕೊಂಡು ಹೊರಗಿನ ಒಂಬತ್ತು ಚಿಗುರುಗಳನ್ನು ಕಿತ್ತು ಕೋಸಿನ ಎಲೆಯಡಿ ಮುಚ್ಚಿದೆ. ಅವ್ವನಿಗೆ ಮೊಲ ಮೇಯ್ದಿತು ಅಂದೆ. ಮೂರು ಉಳಿದವು. ಅವು ಹಳೆಯ ಕಡ್ಡಿಗಳ ನಟ್ಟನಡುವೆ ಎದ್ದಿದ್ದವು. ಅಲ್ಲಿಗೆ ಕೈ ಹಾಕಿದೆ, ಮುಂಗೈಗೆ ಗೀರಿತು, ರಕ್ತ ಬಂತು, ಉರಿ. ಅಯ್ಯಪ್ಪಾ ಅಂತ ಕೈ ಎಳೆದುಕೊಂಡೆ. ಇರಲಿ, ಒಳಗಿನದ್ದು ಯಾರಿಗೆ ಕಾಣುತ್ತದೆ, ನಾಳೆ ಕತ್ತರಿಸಿದರಾಯಿತು ಅಂದುಕೊಂಡೆ. ನಾಳೆಯೂ ಹಾಗೇ ಅಂದುಕೊಂಡೆ.

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ಈಗ ಬರೆಯುತ್ತಿದ್ದೇನೆ. ನನ್ನ ಕೈಗೆ ಚುಚ್ಚುತ್ತದೆ ಅಂತ ನಾನು ಅವನ್ನು ಅಲ್ಲೇ ಬಿಟ್ಟೆ. ಚುಚ್ಚಿದರೂ ತಿಳಿಯದ ಕೈ ಅಲ್ಲಿಗೇ ಹೋಗುತ್ತದೆ ಅಂತ ಗೊತ್ತಿದ್ದೂ ಬಿಟ್ಟೆ. ಥೂ ನನ್ನ ಜನ್ಮಕ್ಕೆ.

ಅಪ್ಪ ಬಂದ. ಆಗ ಬಂಗಲೆಯಲ್ಲಿ ಹೂವಿನ ಪ್ರದರ್ಶನದ ಗಡಿಬಿಡಿ, ಅವನು ಮಬ್ಬಿಗೆ ಹೋಗಿ ಮಬ್ಬಿಗೆ ಬರುತ್ತಿದ್ದ. ಗಿಡ ದಟ್ಟವಾಗಿದೆ ಅಂತ ಮೆಚ್ಚಿದ, ಅಷ್ಟೆ. ಆ ವರ್ಷದ ಹಣ್ಣು ಅಂದರೆ ಹಣ್ಣು! ದೊರೆಸಾನಿಯ ಮನೆಗೆ ನೆಂಟರು ಬಂದಿದ್ದರು. ಅವಳ ಗಿಡದಲ್ಲಿ ಹಣ್ಣು ಸಾಲದೆ, ಜಾಮ್ ಮಾಡಲು ನಮ್ಮ ಹಣ್ಣು ಕೇಳಿಕೊಂಡು ಅಡುಗೆಯವನು ಬಂದ. ಅವ್ವನ ಸಂಭ್ರಮ ನೀವು ನೋಡಬೇಕಿತ್ತು. ಎಷ್ಟು ವರ್ಷದ ಮೇಲೆ ಯಾರೋ ಅವಳ ಕೈಯಿಂದ ಏನೋ ಬೇಕು ಅಂತ ಕೇಳಿದ್ದರು! ತಲೆ ಬಾಚಿ, ಹೂ ಮುಡಿದು, ಮೂರು ದಿನ ಬೆಳಿಗ್ಗೆ ಬುಟ್ಟಿ ಹಿಡಿದು ನಿಂತಳು. ಕಣ್ಣು ಮುಚ್ಚಿಕೊಂಡು, ಹಾಡು ಗುನುಗಿಕೊಂಡು, ಮೊಣಕೈವರೆಗೂ ಕೈ ಹಾಕಿ ಬಿಡಿಸಿದಳು.

ಮೂರು ಸಂಜೆಯೂ ನನ್ನ ತೊಡೆಯ ಮೇಲೆ ಕೈಯಿಟ್ಟಳು. ಮಣಿಕಟ್ಟಿನವರೆಗೂ ಕೆಂಪು. ಅಡುಗೆಯವನು ಜಾಮಿನ ಪಾತ್ರೆಯ ತಳ ಕೆರೆದುಕೊಳ್ಳಲು ನನಗೆ ಕೊಟ್ಟಿದ್ದ. ಒಂದು ಕೈಯಲ್ಲಿ ಆ ಪಾತ್ರೆ, ಇನ್ನೊಂದು ಕೈಯಲ್ಲಿ ಅವ್ವನ ಕೈ.

"ಸರಿಯಾಗಿ ನೋಡೇ" ಅಂದಳು.

"ಬರೀ ಹಣ್ಣಿನ ಬಣ್ಣ. ಏನೂ ಇಲ್ಲ ಕಣವ್ವ" ಅಂದೆ. ಬೆರಳು ನೆಕ್ಕಿಕೊಂಡೆ.

ಐದನೆಯ ದಿನ ಅವಳ ತೋರುಬೆರಳು ಬದನೆಕಾಯಿಯ ಹಾಗೆ ಊದಿತು. ಜ್ವರ ಬಂತು. ಅಪ್ಪ ಕುದಿಸಿದ ಸೂಜಿಯಿಂದ ಬಿಡಿಸಿದರೆ ಕೀವಿನ ಜೊತೆ ಒಂದು ಮುಳ್ಳಿನ ತುದಿ ಬಂತು. ಅಂಗೈಯಲ್ಲಿ ಇನ್ನೂ ಎರಡು. ಅಪ್ಪ ಅವನ್ನು ತನ್ನ ಅಂಗೈಯಲ್ಲಿಟ್ಟುಕೊಂಡು ಹಿತ್ತಿಲಿಗೆ ಹೋದ. ಎಲೆ ಸರಿಸಿ ನೋಡಿದ. ತುಂಬ ಹೊತ್ತು ಬಗ್ಗಿಯೇ ಇದ್ದ. ಒಳಗೆ ಬಂದು ನನ್ನನ್ನು ಕೇಳಿದ.

"ಬುಡ ಅಗೆದೆಯಾ?"

"ಇಲ್ಲಪ್ಪ" ಅಂದೆ.

"ಮಗೂನ ಯಾಕೆ ಕೇಳ್ತೀರಿ?" ಅಂದಳು ಅವ್ವ ಮಲಗಿದಲ್ಲಿಂದ. "ಅವಳು ದಿನಾ ನನ್ನ ಕೈ ನೋಡ್ತಾಳೆ. ಅವಳಿಗೆ ಗೊತ್ತಿಲ್ಲದ್ದು ಏನಿದೆ?"

ಅಪ್ಪ ಮತ್ತೆ ಕೇಳಲಿಲ್ಲ. ಸಾಯುವವರೆಗೂ ಕೇಳಲಿಲ್ಲ.

ಹುಣ್ಣು ಆರಲಿಲ್ಲ. ಬೆರಳಿನಿಂದ ಅಂಗೈಗೆ ಇಳಿಯಿತು. ಇನ್ನಷ್ಟು ಹಣ್ಣು ಕೇಳಲು ಬಂದ ಅಡುಗೆಯವನು, ಬಟ್ಟೆ ಸುತ್ತಿದ ಕೈ ನೋಡಿದ, ಬಾಗಿಲಲ್ಲೇ ಎರಡು ಹೆಜ್ಜೆ ಹಿಂದೆ ಸರಿದ. ಆಗಲೇ ನಾವು ಮುಗಿದೆವು ಅಂತ ಗೊತ್ತಾಯಿತು. ಮಧ್ಯಾಹ್ನದೊಳಗೆ ಬಂಗಲೆಯ ಹಿಂದೆ ಗುಂಡಿ ತೋಡಿ ಜಾಮಿನ ಸೀಸೆಗಳನ್ನೆಲ್ಲ ಹೂತರು. ಆ ಗುಂಡಿಯನ್ನು ತೋಡಿಸಿದ್ದು ಅಪ್ಪನ ಕೈಯಲ್ಲೇ. ದೊರೆಸಾನಿ ಕೆಟ್ಟವಳಲ್ಲ. ಅತ್ತಳಂತೆ. ಕಾಗದ ಬರೆದು ಕೆಳಗಿನ ಆಸ್ಪತ್ರೆಯಲ್ಲಿ ಜಾಗ ಮಾಡಿಸಿಕೊಟ್ಟಳು. ಆದರೆ ಅವ್ವ ಹೋಗಬೇಕು, ಇಲ್ಲದಿದ್ದರೆ ಮನೆ ಬಿಡಬೇಕು. ಮನೆ ಬಿಟ್ಟರೂ ಅವ್ವನನ್ನು ಯಾವ ಊರು ಸೇರಿಸುತ್ತಿತ್ತು?

ಆ ರೋಗದವರನ್ನು ರೈಲಿಗೆ ಹತ್ತಿಸುತ್ತಿರಲಿಲ್ಲ. ಮೇಟುಪಾಳ್ಯಕ್ಕೆ ಹೋಗುವ ಆಲೂಗಡ್ಡೆ ಲಾರಿಯವನನ್ನು ಅಪ್ಪ ಬೇಡಿ ಒಪ್ಪಿಸಿದ. ಅವ್ವ ಮೂಟೆಗಳ ನಡುವೆ ಕಂಬಳಿ ಹೊದ್ದು ಕೂತಳು. ಲಾರಿ ಹೊರಡುವಾಗ ಕಂಬಳಿಯಿಂದ ಎಡಗೈಯನ್ನು, ಇನ್ನೂ ಚೆನ್ನಾಗಿದ್ದ ಕೈಯನ್ನು, ಹೊರಗೆ ಚಾಚಿ ನನ್ನ ಕಡೆ ತಿರುಗಿಸಿ ತಿರುಗಿಸಿ ತೋರಿಸಿದಳು, ದಿನದ ಹಾಗೆ. ನಾನು ಹೇಳಬೇಕಾದ ಮಾತು ನನ್ನ ಬಾಯಿಂದ ಬರಲಿಲ್ಲ. ಕರ್ಪೂರದ ಮರಗಳ ತಿರುವಿನಲ್ಲಿ ಲಾರಿ ಮರೆಯಾಯಿತು.

ಅವತ್ತೇ ನಾನು ಆ ಗಿಡವನ್ನು ಕಿತ್ತೆ. ಕಿತ್ತಷ್ಟೂ ಬೇರು ತುಂಡಾಗುತ್ತಿತ್ತು, ಒಂದೊಂದು ತುಂಡಿನಿಂದಲೂ ಮತ್ತೆ ಚಿಗುರು, ಎಲ್ಲಕ್ಕೂ ಮುಳ್ಳು. ನಾಲ್ಕು ತಿಂಗಳು ಬರಿಗೈಯಲ್ಲೇ ಕಿತ್ತೆ. ಸೆರಗು ಸುತ್ತಿಕೊಳ್ಳಲಿಲ್ಲ. ಬೇಕೆಂದೇ ಸುತ್ತಿಕೊಳ್ಳಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಅಪ್ಪ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದ. ಬೆಟ್ಟದ ರೈಲಿಳಿದು, ಬಸ್ಸು ಹಿಡಿದು, ಉರಿಬಿಸಿಲಲ್ಲಿ ನಡೆದು. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಒಂದೇ ಮಾತನ್ನು ಒಪ್ಪಿಸಿಕೊಳ್ಳುತ್ತಿದ್ದೆ: ಅವ್ವ, ಬುಡ ಅಗೆದವಳು ನಾನೇ, ಒಳಗಿನ ಮೂರನ್ನು ಬಿಟ್ಟವಳೂ ನಾನೇ. ಹೇಳಿ ಕಾಲಿಗೆ ಬೀಳಬೇಕು. ಬೈಯಲಿ, ಶಪಿಸಲಿ.

ನಡುಮಟ್ಟದ ಒಂದು ಗೋಡೆ. ಈಚೆ ನಾವು ನಿಲ್ಲಬೇಕು, ಆಚೆ ಅವರು. ಮುಟ್ಟುವ ಹಾಗಿಲ್ಲ. ಅವ್ವ ನಿಧಾನವಾಗಿ ಬಂದಳು. ತಲೆ ಬಾಚಿದ್ದಳು. ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದಳು, ಅದರಲ್ಲಿ ಏನು ಉಳಿದಿತ್ತೋ ನಾನು ನೋಡಲಿಲ್ಲ. ನನ್ನನ್ನು ನೋಡಿದ ಕೂಡಲೇ ಅವಳು ಕೇಳಿದ್ದು ಊಟವಲ್ಲ, ಊರಲ್ಲ.

"ಕೈ ತೋರ್ಸು" ಅಂದಳು.

ನಾನು ಎರಡೂ ಕೈ ಎತ್ತಿ ತೋರಿಸಿದೆ. ಬೆರಳಿಂದ ಮೊಣಕೈವರೆಗೂ ಗೀರು, ಕೆಲವು ಹಳೆಯವು, ಕೆಲವು ಮೊನ್ನೆಯವು. ಅವ್ವನ ಮುಖದ ಬಣ್ಣವೇ ಹೋಯಿತು. ಗೋಡೆಗೆ ಒರಗಿ ನಿಂತಳು.

"ಏನೇ ಇದು?"

"ಮುಳ್ಳವ್ವ. ಆ ಗಿಡದ್ದು. ಅವ್ವ, ನಾನು..."

"ಸುಮ್ನಿರು. ಕೇಳಿದ್ದಕ್ಕೆ ಹೇಳು. ಅದು ಚುಚ್ಚಿದಾಗ ನಿನಗೆ ಗೊತ್ತಾಯ್ತಾ?"

"ಆಯ್ತವ್ವ."

"ಉರೀತಾ? ನಿಜ ಹೇಳು. ನನ್ನಾಣೆ."

"ಉರೀತವ್ವ. ತುಂಬಾ ಉರೀತು."

"ಎಲ್ಲ ಬೆರಳಲ್ಲೂ? ಕಿರುಬೆರಳಲ್ಲೂ?"

"ಎಲ್ಲ ಬೆರಳಲ್ಲೂ."

ಅವ್ವ ಅಲ್ಲೇ ಗೋಡೆಯ ಬುಡದಲ್ಲಿ ಕುಸಿದು ಕೂತು ಗಳಗಳ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, ಆ ಬೆರ್ರಿ ಹಣ್ಣು ತಿಂದ ದಿನ ನಕ್ಕ ಹಾಗೆ, ಮುಖವೆಲ್ಲ ನಕ್ಕಳು. ಆಚೆಯ ಮರದ ಕೆಳಗೆ ಕೂತಿದ್ದ ಹೆಂಗಸರನ್ನೆಲ್ಲ ಕೂಗಿ ಕರೆದಳು. ಅಪ್ಪನ ಕಡೆ ತಿರುಗಿದಳು.

"ಕೇಳಿದ್ರಾ? ಎಲ್ಲ ಬೆರಳಲ್ಲೂ ನೋವಾಗುತ್ತಂತೆ ಮಗೂಗೆ! ಕಿರುಬೆರಳಲ್ಲೂ!"

ಅಪ್ಪ ನೆಲ ನೋಡುತ್ತಾ ಹೂಂ ಅಂದ. ನಾನು ತಂದಿದ್ದ ಮಾತು ಬಾಯಲ್ಲೇ ಉಳಿಯಿತು. ಮುಂದಿನ ಹಣ್ಣಿನ ಕಾಲಕ್ಕೆ ಅವ್ವ ಇರಲಿಲ್ಲ.